ಹುಟ್ಟು ಹಿಡಿಯುವ ಹಕ್ಕು: ದೋಣಿ ಕ್ರೀಡೆ ಮತ್ತು ದಾನದ ಚರಿತ್ರೆ

ಕ್ರಿ.ಶ. 1715ನೆಯ ಇಸವಿ ಆಗಸ್ಟ್ 1ರಂದು ಲಂಡನ್ ನಗರದ ಥೇಮ್ಸ್ ನದಿಯಲ್ಲಿ ಒಂದು ದೋಣಿ ಪಂದ್ಯ ನಡೆಯಿತು. ಅದನ್ನು ಏರ್ಪಡಿಸಿದವನು ರಾಜನೂ ಅಲ್ಲ, ಭೂಮಾಲೀಕನೂ ಅಲ್ಲ. ಐರ್ಲೆಂಡಿನಿಂದ ಬಂದು ಲಂಡನ್ನಿನ ರಂಗಭೂಮಿಯಲ್ಲಿ ಹೆಸರು ಮಾಡಿದ ಥಾಮಸ್ ಡಾಗೆಟ್ ಎಂಬ ಹಾಸ್ಯನಟ. ಹಿಂದಿನ ವರ್ಷ ಅದೇ ದಿನ ಒಂದನೆಯ ಜಾರ್ಜ್ ದೊರೆ ಸಿಂಹಾಸನಕ್ಕೆ ಬಂದುದರ ಸ್ಮರಣಾರ್ಥವಾಗಿ ಅವನು ಈ ಪಂದ್ಯವನ್ನು ಇಟ್ಟನು. ಆ ಕಾಲದಲ್ಲಿ ನಗರದೊಳಗೆ ಆ ನದಿಗೆ ಇದ್ದುದು ಒಂದೇ ಸೇತುವೆ. ಒಂದು ದಡದಿಂದ ಇನ್ನೊಂದು ದಡಕ್ಕೆ ಜನರನ್ನು ದಾಟಿಸುತ್ತಿದ್ದವರು ಅಂಬಿಗರು. ಡಾಗೆಟ್ಟನ ಪಂದ್ಯದಲ್ಲಿ ಭಾಗವಹಿಸಲು ಅವಕಾಶವಿದ್ದುದು ಆಗ ತಾನೆ ಕಲಿಕೆಯ ಅವಧಿಯನ್ನು ಮುಗಿಸಿ ಸ್ವತಂತ್ರ ಅಂಬಿಗರಾಗಿದ್ದ ಆರು ಮಂದಿ ತರುಣರಿಗೆ ಮಾತ್ರ. ಗೆದ್ದವನಿಗೆ ಒಂದು ಬಣ್ಣದ ಕೋಟು, ಅದರ ತೋಳಿಗೆ ದೊಡ್ಡದೊಂದು ಬೆಳ್ಳಿಯ ಬಿಲ್ಲೆ.

1721ರಲ್ಲಿ ಡಾಗೆಟ್ ತೀರಿಕೊಂಡನು. ಈ ಪಂದ್ಯ ವರ್ಷ ವರ್ಷವೂ ನಡೆಯುತ್ತಿರಬೇಕೆಂದು ಅವನು ತನ್ನ ಉಯಿಲಿನಲ್ಲಿ ಹಣವನ್ನು ಕಾದಿರಿಸಿದ್ದನು. ಮೀನು ವ್ಯಾಪಾರಿಗಳದಾದ ಒಂದು ಪುರಾತನ ವರ್ತಕ ಶ್ರೇಣಿಯು ಆ ದತ್ತಿಯ ಹೊಣೆಯನ್ನು ಹೊತ್ತುಕೊಂಡಿತು. ಲಂಡನ್ ಸೇತುವೆಯಿಂದ ಚೆಲ್ಸಿಯವರೆಗೆ ಸುಮಾರು 7.4 ಕಿಲೋಮೀಟರುಗಳ ಆ ಪಂದ್ಯ ಇಂದಿಗೂ ನಡೆಯುತ್ತಿದೆ. ಎರಡು ಮಹಾಯುದ್ಧಗಳ ಕಾಲದಲ್ಲಿ ಅದು ನಿಂತುಹೋದಾಗ, ಯುದ್ಧ ಮುಗಿದ ಮೇಲೆ ತಪ್ಪಿಹೋದ ವರ್ಷಗಳ ಪಂದ್ಯಗಳನ್ನು ನಡೆಸಿ ಬಾಕಿಯನ್ನು ತೀರಿಸಲಾಯಿತು. ದತ್ತಿಯನ್ನು ವಹಿಸಿಕೊಂಡವರು ದಾನಿಯ ಸಂಕಲ್ಪವನ್ನು ಸಾಲವೆಂದೇ ಭಾವಿಸಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ದೋಣಿ ಕ್ರೀಡೆಯ ಚರಿತ್ರೆಯಲ್ಲಿ ದಾನವೆಂಬುದು ಹೀಗೆ ಬಹು ಹಿಂದೆಯೇ ಪ್ರವೇಶಿಸಿತು. ಅದೂ ದುಡಿಯುವ ಕೈಗಳ ಪರವಾಗಿ. ಮುಂದೆ ಆ ಕೈಗಳನ್ನೇ ಕ್ರೀಡೆಯಿಂದ ಹೊರಗಿಡಲಾಯಿತು ಎಂಬುದು ವಿಚಿತ್ರವಾದರೂ ನಿಜ. ಕನ್ನಡದಲ್ಲಿ ದೋಣಿ ನಡೆಸುವ ಸಾಧನಕ್ಕೂ ಜನ್ಮಕ್ಕೂ ಇರುವುದು ಒಂದೇ ಪದ: ಹುಟ್ಟು. ಇದು ಶಬ್ದದ ಆಕಸ್ಮಿಕವಷ್ಟೆ. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಯಾರು ಹುಟ್ಟು ಹಿಡಿಯಬಹುದೆಂಬುದನ್ನು ಹುಟ್ಟೇ ನಿರ್ಧರಿಸತೊಡಗಿತು.

1829ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಪರಸ್ಪರ ದೋಣಿ ಪಂದ್ಯವನ್ನು ಆರಂಭಿಸಿದರು. 1839ರಲ್ಲಿ ಥೇಮ್ಸ್ ದಡದ ಹೆನ್ಲಿ ಪಟ್ಟಣದಲ್ಲಿ ವಾರ್ಷಿಕ ದೋಣಿ ಮೇಳ ಮೊದಲಾಯಿತು. 1851ರಲ್ಲಿ ಅದಕ್ಕೆ ರಾಜಮನೆತನದ ಆಶ್ರಯ ದೊರೆಯಿತು. ಕುಲೀನರ ಮಕ್ಕಳು ಬಿಡುವಿನ ವೇಳೆಯಲ್ಲಿ ಆಡುವ ಆಟ ಒಂದು ಕಡೆ, ಹೊಟ್ಟೆಪಾಡಿಗಾಗಿ ಹುಟ್ಟು ಹಾಕುವ ಅಂಬಿಗರ ಪಣದ ಪಂದ್ಯಗಳು ಇನ್ನೊಂದು ಕಡೆ ಬೆಳೆದವು. ಪಣದ ಪಂದ್ಯಗಳಲ್ಲಿ ಬಾಜಿ ಹಣದ ಮೋಸ ಸೇರಿಕೊಂಡಿತ್ತು ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಹವ್ಯಾಸಿಯನ್ನು ವೃತ್ತಿಯವನಿಂದ ಬೇರ್ಪಡಿಸುವ ನಿಯಮ ಬೇಕೆಂದು ಅವರಿಗೆ ತೋರಿದುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ 1879ರಲ್ಲಿ ಹೆನ್ಲಿಯ ವ್ಯವಸ್ಥಾಪಕರು ಮಾಡಿದ ನಿಯಮ ಪಣಕ್ಕೆ ಆಡಿದವರನ್ನೂ ದೋಣಿಯ ಕೆಲಸದಿಂದ ಸಂಬಳ ಪಡೆದವರನ್ನೂ ಹೊರಗಿಟ್ಟುದಲ್ಲದೆ, ಕೂಲಿ ಸಂಬಳಕ್ಕೆ ದುಡಿದ ಯಂತ್ರಕಾರ್ಮಿಕ, ಕುಶಲಕರ್ಮಿ, ಕೂಲಿಕಾರರೆಲ್ಲರನ್ನೂ ಹೊರಗಿಟ್ಟಿತು. 1882ರಲ್ಲಿ ಸ್ಥಾಪನೆಯಾದ ಹವ್ಯಾಸಿ ದೋಣಿ ಸಂಘವೂ ಇದೇ ದಾರಿಯಲ್ಲಿ ನಡೆದು, ಕೆಲವೇ ವರ್ಷಗಳಲ್ಲಿ ಊಳಿಗದ ಕೆಲಸ ಮಾಡುವವರನ್ನೂ ಆ ಪಟ್ಟಿಗೆ ಸೇರಿಸಿತು. ಬಡಗಿಯೊಬ್ಬ ಒಂದು ಕಾಸನ್ನೂ ಮುಟ್ಟದೆ ಕೇವಲ ಸಂತೋಷಕ್ಕಾಗಿ ದೋಣಿ ನಡೆಸಿದರೂ ಆತ ಹವ್ಯಾಸಿಯಲ್ಲ! ಕಾಯಕವೇ ಕಳಂಕವಾದ ಈ ನಿಯಮ ಸುಮಾರು ಆರು ದಶಕಗಳ ಕಾಲ ಬಾಳಿತೆಂಬುದನ್ನು ಇಂದು ನಂಬುವುದು ಕಷ್ಟ.

ಇದನ್ನು ಎದುರಿಸಿದವರಲ್ಲಿ ಪ್ರಮುಖರು ಡಾ. ಫ್ರೆಡೆರಿಕ್ ಜೇಮ್ಸ್ ಫರ್ನಿವಾಲ್. 1825ರಲ್ಲಿ ಜನಿಸಿದ ಈತ ಭಾಷಾಪಂಡಿತರು; ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಆರಂಭದ ಸಂಪಾದಕರಲ್ಲಿ ಒಬ್ಬರು; ಪ್ರಾಚೀನ ಇಂಗ್ಲಿಷ್ ಗ್ರಂಥಗಳ ಪ್ರಕಟಣೆಗಾಗಿ 1864ರಲ್ಲಿ ಸಂಘವೊಂದನ್ನು ಕಟ್ಟಿದವರು. 1854ರಲ್ಲಿ ಲಂಡನ್ನಿನಲ್ಲಿ ತೆರೆದ ದುಡಿಯುವವರ ಕಾಲೇಜಿನಲ್ಲಿ ಪಾಠ ಹೇಳಿದವರು. ಹಳೆಯ ಹಸ್ತಪ್ರತಿಗಳ ನಡುವೆ ಬದುಕಿದ ಈ ವಿದ್ವಾಂಸರಿಗೆ ದೋಣಿ ನಡೆಸುವುದೆಂದರೆ ಪ್ರಾಣ. ತಮ್ಮ ವಿದ್ಯಾರ್ಥಿಗಳಾದ ಕಾರ್ಮಿಕರಿಗೆ ಸ್ಪರ್ಧೆಯ ಬಾಗಿಲು ಮುಚ್ಚಿರುವುದನ್ನು ಅವರು ಸಹಿಸಲಿಲ್ಲ. 1890ರಲ್ಲಿ ಅವರೂ ಅವರ ಮಿತ್ರರೂ ಕೂಡಿ, ದುಡಿಮೆಯ ಕಾರಣಕ್ಕೆ ಯಾರನ್ನೂ ದೂರವಿಡದ ಮತ್ತೊಂದು ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. 1896ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ದೋಣಿ ಕ್ಲಬ್ಬನ್ನು ತೆರೆದರು. ಅವರು ನಿತ್ಯ ಹೋಗುತ್ತಿದ್ದ ಚಹಾದ ಅಂಗಡಿಯಲ್ಲಿ ಬಡಿಸುವ ಕೆಲಸದಲ್ಲಿದ್ದ ಹುಡುಗಿಯರೇ ಅದರ ಮೊದಲ ಸದಸ್ಯರಲ್ಲಿ ಹಲವರು. ಐದು ವರ್ಷಗಳ ನಂತರ, 1901ರಲ್ಲಿ, ಗಂಡಸರಿಗೂ ಪ್ರವೇಶ ದೊರೆಯಿತು! ಕ್ಲಬ್ಬು ಇಂದು ಅವರ ಹೆಸರಿನಲ್ಲೇ ಇದೆ. ಫರ್ನಿವಾಲರು ಸಿರಿವಂತರಾಗಿ ಬಾಳಿದವರಲ್ಲ. ಅವರು ಧಾರೆಯೆರೆದದ್ದು ತಮ್ಮ ಭಾನುವಾರಗಳನ್ನು.

ಹಣದ ದಾನದ ಕಥೆ ಇದಕ್ಕಿಂತ ಕಹಿಯಾದದ್ದು. ಅಮೆರಿಕದ ಫಿಲಡೆಲ್ಫಿಯ ನಗರದ ವೆಸ್ಪರ್ ಎಂಬ ಕ್ಲಬ್ಬಿನ ಎಂಟು ಹುಟ್ಟುಗಳ ತಂಡ 1905ರಲ್ಲಿ ಹೆನ್ಲಿಗೆ ಬಂದಿತು. ಸಾಗರ ದಾಟಿ ಬರುವುದೆಂದರೆ ಸಾಮಾನ್ಯ ಖರ್ಚಲ್ಲ. ಆ ತಂಡದ ಪ್ರಯಾಣಕ್ಕೆ ಸಾರ್ವಜನಿಕರಿಂದ ಚಂದಾ ಎತ್ತಲಾಗಿತ್ತೆಂಬುದು ನಂತರ ಹೆನ್ಲಿಯವರಿಗೆ ತಿಳಿಯಿತು. ಊರವರ ವಂತಿಗೆಯಿಂದ ಬಂದವರು ಸಂಬಳ ಪಡೆದವರಿಗೆ ಸಮ ಎಂದು ತೀರ್ಮಾನಿಸಿ, ಆ ಕ್ಲಬ್ಬಿನ ಪ್ರವೇಶ ಪತ್ರಗಳನ್ನು ಇನ್ನು ಸ್ವೀಕರಿಸುವುದಿಲ್ಲವೆಂದು ನಿರ್ಣಯ ಮಾಡಿದರು. ತನ್ನ ಹಣದಿಂದ ಬಂದವನು ಹವ್ಯಾಸಿ. ಹತ್ತು ಜನರ ಪ್ರೀತಿಯ ಹಣದಿಂದ ಬಂದವನು ಕೂಲಿಯವನು. ಈ ತರ್ಕದ ಪ್ರಕಾರ ಬಡವನ ಪಾಲಿಗೆ ಎರಡೂ ಬಾಗಿಲುಗಳು ಮುಚ್ಚಿದಂತಾಯಿತು. ಸ್ವಂತ ಹಣವಿಲ್ಲ, ಪಡೆದ ಸಹಾಯವೇ ಅನರ್ಹತೆ.

ಇದರ ಫಲವನ್ನು 1920ರಲ್ಲಿ ಉಂಡವನು ವೆಸ್ಪರ್ ಕ್ಲಬ್ಬಿನ ಜಾನ್ ಕೆಲಿ. ಇಟ್ಟಿಗೆ ಕಟ್ಟುವ ಕೆಲಸವನ್ನು ಕಲಿತು ಬೆಳೆದ ಈತ ಆಗ ಅಮೆರಿಕದ ಶ್ರೇಷ್ಠ ಏಕವ್ಯಕ್ತಿ ದೋಣಿಗ. ಹೆನ್ಲಿಯ ಡೈಮಂಡ್ ಪಂದ್ಯಕ್ಕೆ ಅವನು ಕಳುಹಿಸಿದ ಪ್ರವೇಶ ಪತ್ರ ತಿರಸ್ಕೃತವಾಯಿತು. ಕಾರಣಗಳು ಎರಡು: ಅವನ ಕ್ಲಬ್ಬಿನ ಮೇಲಿದ್ದ ಹಳೆಯ ನಿಷೇಧ, ಮತ್ತು ಅವನ ಕೈಗಳು ಮಾಡಿದ್ದ ಕೆಲಸ. ಅದೇ ವರ್ಷ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಕೆಲಿ, ಇಂಗ್ಲೆಂಡಿನ ಜಾಕ್ ಬೆರೆಸ್‌ಫರ್ಡನನ್ನು ಸೋಲಿಸಿ ಚಿನ್ನದ ಪದಕ ಪಡೆದನು. ಅದೇ ದಿನ ತನ್ನ ಸೋದರಸಂಬಂಧಿಯೊಡನೆ ಇಬ್ಬರ ಪಂದ್ಯದಲ್ಲಿಯೂ ಗೆದ್ದನು. ಬೆವರಿನಿಂದ ನೆನೆದ ತನ್ನ ಟೊಪ್ಪಿಗೆಯನ್ನು ಇಂಗ್ಲೆಂಡಿನ ದೊರೆಗೆ ಕಳುಹಿಸಿದನೆಂಬ ಕಥೆಯೂ ಉಂಟು. ಕಥೆಯನ್ನು ಕಥೆಯೆಂದೇ ಇಟ್ಟುಕೊಳ್ಳೋಣ. ಮುಂದೆ ಆತ ಫಿಲಡೆಲ್ಫಿಯದಲ್ಲಿ ಕಟ್ಟಡ ಗುತ್ತಿಗೆಯಿಂದ ದೊಡ್ಡ ಶ್ರೀಮಂತನಾದನು. ಅವನ ಮಗ 1947ರಲ್ಲಿ ಅದೇ ಡೈಮಂಡ್ ಪಂದ್ಯವನ್ನು ಗೆದ್ದು, 1949ರಲ್ಲಿ ಮತ್ತೊಮ್ಮೆ ಗೆದ್ದನು. ಮಗಳು ಗ್ರೇಸ್ ಚಿತ್ರನಟಿಯಾಗಿ, ಮೊನಾಕೊ ದೇಶದ ರಾಜಕುಮಾರಿಯಾಗಿ, 1981ರಲ್ಲಿ ಹೆನ್ಲಿಯ ಬಹುಮಾನಗಳನ್ನು ತನ್ನ ಕೈಯಿಂದ ಹಂಚಿದಳು. ಇಂದು ಆ ಮೇಳದಲ್ಲಿ ಮಹಿಳೆಯರ ಪಂದ್ಯವೊಂದರ ಬಹುಮಾನ ಪಾತ್ರೆಗೆ ಆಕೆಯ ಹೆಸರಿದೆ.

1936ನೆಯ ಇಸವಿ ಈ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಮುಖ್ಯವಾದುದು. ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಆಸ್ಟ್ರೇಲಿಯದ ತಂಡ ದಾರಿಯಲ್ಲಿ ಹೆನ್ಲಿಯಲ್ಲಿ ಸ್ಪರ್ಧಿಸಲು ಬಯಸಿತು. ತಂಡದವರು ಪೊಲೀಸರು. ಪೊಲೀಸರು ದೈಹಿಕ ದುಡಿಮೆಯವರೆಂದು ಅವರಿಗೆ ಅವಕಾಶವನ್ನು ನಿರಾಕರಿಸಲಾಯಿತು. ತನ್ನದೇ ಸಾಮ್ರಾಜ್ಯದ ಕಾನೂನನ್ನು ಕಾಯುವವನು ಮರ್ಯಾದಸ್ಥನಲ್ಲವೆಂದು ಹೇಳಿದ ಈ ಪ್ರಸಂಗದಿಂದ ಆದ ಮುಖಭಂಗ ಸಣ್ಣದಾಗಿರಲಿಲ್ಲ. ಮರುವರ್ಷ, 1937ರಲ್ಲಿ, ದುಡಿಮೆಯನ್ನು ಕುರಿತ ಆ ನಿಯಮವನ್ನು ತೆಗೆದುಹಾಕಲಾಯಿತು. ಫರ್ನಿವಾಲರ ಸಂಘವೂ ಹಳೆಯ ಸಂಘವೂ ಒಂದಾಗಲು ಮಾತ್ರ 1956ರವರೆಗೆ ಕಾಯಬೇಕಾಯಿತು.

ಅದೇ ವರ್ಷದ ಜುಲೈ ತಿಂಗಳಿನಲ್ಲಿ, ಅಮೆರಿಕದ ಪಶ್ಚಿಮ ತೀರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಬರ್ಲಿನ್ನಿಗೆ ಹೋಗುವ ಅರ್ಹತೆಯನ್ನು ಗಳಿಸಿತು. ಅವರಲ್ಲಿ ಹೆಚ್ಚಿನವರು ಮರ ಕಡಿಯುವವರ, ಬೇಸಾಯಗಾರರ, ಮೀನುಗಾರರ ಮಕ್ಕಳು. ಜೋ ರಾಂಟ್ಸ್ ಎಂಬ ಹುಡುಗನನ್ನು ಅವನ ಮನೆಯವರು ಚಿಕ್ಕ ವಯಸ್ಸಿನಲ್ಲೇ ಬಿಟ್ಟುಹೋಗಿದ್ದರು. ಓದಿನ ಖರ್ಚಿಗಾಗಿ ಆತ ಬೇಸಿಗೆಯಲ್ಲಿ ಅಣೆಕಟ್ಟಿನ ಬಂಡೆ ಒಡೆಯುವ ಕೆಲಸ ಮಾಡಿದ್ದನು. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಕಾಲ. ಅರ್ಹತೆಯೇನೋ ಬಂತು, ಆದರೆ ಪ್ರಯಾಣದ ಖರ್ಚನ್ನು ತಂಡವೇ ಭರಿಸಬೇಕು, ಇಲ್ಲವಾದರೆ ಎರಡನೆಯ ಸ್ಥಾನದ ಪೆನ್ಸಿಲ್ವೇನಿಯ ತಂಡ ಹೋಗಬಹುದು ಎಂದು ಒಲಿಂಪಿಕ್ ಸಮಿತಿಯವರು ತಿಳಿಸಿದರು. ಬೇಕಾಗಿದ್ದುದು 5,000 ಡಾಲರ್. ಸುದ್ದಿ ತಂತಿಯ ಮೂಲಕ ಸಿಯಾಟಲ್ ನಗರಕ್ಕೆ ಮುಟ್ಟಿತು. ಪತ್ರಿಕೆಗಳು ಕೋರಿಕೆ ಪ್ರಕಟಿಸಿದವು. ವಿದ್ಯಾರ್ಥಿಗಳು ಅರ್ಧ ಡಾಲರಿಗೊಂದರಂತೆ ಬಿಲ್ಲೆಗಳನ್ನು ಮಾರಿದರು. ವಾರ ಕಳೆಯುವುದರೊಳಗೆ ಹಣ ಕೂಡಿತು. ಆಗಸ್ಟ್ 14ರಂದು ಬರ್ಲಿನ್ನಿನಲ್ಲಿ ಆ ತಂಡ ಇಟಲಿಯನ್ನು ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಹಿಂದಿಕ್ಕಿ ಚಿನ್ನ ಗೆದ್ದಿತು. ಮೂವತ್ತೊಂದು ವರ್ಷಗಳ ಹಿಂದೆ ಫಿಲಡೆಲ್ಫಿಯದವರಿಗೆ ಕಳಂಕವಾಗಿದ್ದ ಸಾರ್ವಜನಿಕ ಚಂದಾ ಸಿಯಾಟಲ್ಲಿನ ಜನರಿಗೆ ಹೆಮ್ಮೆಯ ವಿಷಯವಾಯಿತು. ಹಣದ ಸ್ವರೂಪ ಬದಲಾಗಿರಲಿಲ್ಲ. ನೋಡುವ ಕಣ್ಣು ಬೇರೆಯಾಗಿತ್ತು.

ಆ ಹುಡುಗರ ದೋಣಿಯನ್ನು ಸೀಡರ್ ಮರದಿಂದ ಮಾಡಿಕೊಟ್ಟವನು ಜಾರ್ಜ್ ಪೋಕಾಕ್. ಇಂಗ್ಲೆಂಡಿನ ದೋಣಿ ಬಡಗಿಗಳ ಮನೆತನದಲ್ಲಿ 1891ರಲ್ಲಿ ಹುಟ್ಟಿದ ಈತ, ಥೇಮ್ಸ್‌ನ ಪಣದ ಪಂದ್ಯವೊಂದರಲ್ಲಿ ಗೆದ್ದ ಹಣವನ್ನು ಹಡಗಿನ ಚೀಟಿಗೆ ಹಾಕಿ 1911ರಲ್ಲಿ ಕೆನಡಕ್ಕೆ ಬಂದವನು. ಹೆನ್ಲಿಯ ನಿಯಮದಂತೆ ಅವನು ಎರಡೆರಡು ಬಗೆಯಲ್ಲಿ ಅನರ್ಹ! ಅವನ ಅಣ್ಣ ಡಿಕ್ 1910ರಲ್ಲಿ ಡಾಗೆಟ್ಟನ ಕೋಟು ಮತ್ತು ಬಿಲ್ಲೆಯನ್ನು ಗೆದ್ದಿದ್ದನು. ಹಾಸ್ಯನಟನೊಬ್ಬನ ಉಯಿಲಿನ ಹಣ ಎರಡು ಶತಮಾನಗಳ ನಂತರ ಎಲ್ಲಿಯ ಮನೆಯನ್ನು ತಲುಪಿತೆಂಬುದನ್ನು ವಾಚಕರು ಗಮನಿಸಬಹುದು.

ಗಂಡಸರ ಮಾತಾಯಿತು. ಒಲಿಂಪಿಕ್ಸ್‌ನಲ್ಲಿ ಪುರುಷರ ದೋಣಿ ಪಂದ್ಯಗಳು 1900ರಿಂದ ಇದ್ದರೂ ಮಹಿಳೆಯರಿಗೆ ಅವಕಾಶ ದೊರೆತದ್ದು 1976ರಲ್ಲಿ. ಆಕ್ಸ್‌ಫರ್ಡ್–ಕೇಂಬ್ರಿಜ್ ಮಹಿಳೆಯರ ಪಂದ್ಯ 1927ರಲ್ಲೇ ಆರಂಭವಾದರೂ ಪುರುಷರ ಪಂದ್ಯದ ದಿನವೇ, ಅದೇ ನೀರಿನಲ್ಲಿ ನಡೆಯಲು 2015 ಬರಬೇಕಾಯಿತು. ಅದರ ಹಿಂದೆ ಹಣಕಾಸು ಸಂಸ್ಥೆಯೊಂದರ ಪ್ರಾಯೋಜನೆ ಇತ್ತು. ಪ್ರಾಯೋಜನೆ ವ್ಯಾಪಾರ, ದಾನವಲ್ಲ, ಆದ್ದರಿಂದ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ಅಂಗವಿಕಲರ ವಿಷಯ ಬೇರೆ. ಇಲ್ಲಿ ಬಾಗಿಲು ಮುಚ್ಚಿದ್ದುದು ನಿಯಮದಿಂದಲ್ಲ, ಸಾಧನದ ಸ್ವರೂಪದಿಂದ. ಸ್ಪರ್ಧೆಯ ದೋಣಿ ಅತ್ಯಂತ ಕಿರಿದು. ಒಬ್ಬರ ದೋಣಿಯ ಕನಿಷ್ಠ ತೂಕ ಕೇವಲ 14 ಕಿಲೋಗ್ರಾಂ. ಆಸನ ಹಿಂದೆ ಮುಂದೆ ಜಾರುತ್ತದೆ. ಬಲದ ಬಹುಪಾಲು ಬರುವುದು ಕಾಲುಗಳಿಂದ. ಕಾಲುಗಳಲ್ಲಿ ಶಕ್ತಿಯಿಲ್ಲದವನು ಏನು ಮಾಡಬೇಕು? ಉತ್ತರ ಸರಳ: ಆಸನವನ್ನು ಸ್ಥಿರಗೊಳಿಸಿ, ಬೆನ್ನಿಗೆ ಒರಗು ಕೊಟ್ಟು, ಎದೆಗೆ ಪಟ್ಟಿ ಬಿಗಿದು, ದೋಣಿ ಮಗುಚದಂತೆ ಎರಡೂ ಬದಿಗೆ ತೇಲುವ ಬುರುಡೆಗಳನ್ನು ಕಟ್ಟಿದರೆ ತೋಳು ಭುಜಗಳ ಬಲದಿಂದಲೇ ಹುಟ್ಟು ಹಾಕಬಹುದು. ಕೆಲಿಯ ಊರಾದ ಫಿಲಡೆಲ್ಫಿಯದಲ್ಲಿಯೇ 1980ರ ದಶಕದ ಆರಂಭದಿಂದ ಅಂಗವಿಕಲರಿಗಾಗಿ ಇಂತಹ ದೋಣಿ ತರಬೇತಿ ನಡೆದುಬಂದಿದೆ. 2002ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, 2008ರಲ್ಲಿ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರ ಪಂದ್ಯಗಳು ಸೇರಿದವು. ಮೊದಲು ಅವರಿಗೆ 1,000 ಮೀಟರ್ ಸಾಕೆಂದು ಭಾವಿಸಲಾಗಿತ್ತು. 2017ರಿಂದ ಉಳಿದವರಂತೆಯೇ 2,000 ಮೀಟರ್. ಆದರೆ ದಾನ ಕೊಡುವವರು ಸಾಮಾನ್ಯವಾಗಿ ದೋಣಿಯನ್ನು ಕೊಡುತ್ತಾರೆ. ಗಾಲಿಕುರ್ಚಿ ಇಳಿಯುವ ಇಳಿಜಾರು ದಾರಿ, ಕುರ್ಚಿಯಿಂದ ದೋಣಿಗೆ ಎತ್ತಿಳಿಸುವ ಯಂತ್ರ, ಅಗಲವಾದ ಶೌಚಾಲಯದ ಬಾಗಿಲು ಇವುಗಳಿಗೆ ದಾನಿಯ ಹೆಸರನ್ನು ಬರೆಯಲು ಅಂದವಾದ ಜಾಗವಿರುವುದಿಲ್ಲ. ಆದುದರಿಂದಲೇ ಇವುಗಳಿಗೆ ಹಣ ಕೂಡುವುದು ನಿಧಾನ.

ಬಡಾವಣೆಯೂ ಬಣ್ಣವೂ ಗೋಡೆಯಾಗಿ ನಿಂತ ಕಡೆ ಏನಾಯಿತೆಂಬುದಕ್ಕೆ ಶಿಕಾಗೋ ನಗರದ ಉದಾಹರಣೆ ಇದೆ. 1990ರ ದಶಕದ ಕೊನೆಯಲ್ಲಿ, ಆ ನಗರದ ಪಶ್ಚಿಮ ಭಾಗದ ಮ್ಯಾನ್ಲಿ ಪ್ರೌಢಶಾಲೆಯ ಊಟದ ಅಂಕಣದಲ್ಲಿ ಒಂದು ದಿನ ಉದ್ದನೆಯ ದೋಣಿಯೊಂದು ಪ್ರತ್ಯಕ್ಷವಾಯಿತು. ಅದನ್ನು ತರಿಸಿದವನು ಕೆನ್ ಆಲ್ಪಾರ್ಟ್ ಎಂಬ ಷೇರು ಪೇಟೆಯ ವ್ಯವಹಾರಸ್ಥ. ಕಾಲೇಜಿನಲ್ಲಿ ತಾನೂ ದೋಣಿ ನಡೆಸಿದ್ದವನು. ಸೇರಲು ಬಂದವರಿಗೆ ಪುಕ್ಕಟೆ ಪಿಜ್ಜಾ ಎಂಬ ಆಮಿಷವನ್ನೂ ಒಡ್ಡಿದ್ದನು. ಆ ಬಡಾವಣೆಗಳಲ್ಲಿ ಮಾದಕವಸ್ತುಗಳ ಮಾರಾಟ, ಗುಂಪುಗಳ ನಡುವಿನ ಗುಂಡಿನ ಹೊಡೆದಾಟ ನಿತ್ಯದ ಮಾತು. ಪರಸ್ಪರ ವೈರದ ಗಲ್ಲಿಗಳ ಹುಡುಗರು ಒಂದೇ ದೋಣಿಯಲ್ಲಿ ಕುಳಿತುಕೊಳ್ಳಬೇಕಾಯಿತು. ದೋಣಿಗಿಂತ ಮುಂಚೆ ಅವರಲ್ಲಿ ಬಹುಮಂದಿಗೆ ಈಜು ಕಲಿಸಬೇಕಾಗಿತ್ತು. ಹೀಗೆ ರೂಪುಗೊಂಡದ್ದು ಅಮೆರಿಕದ ಪ್ರೌಢಶಾಲೆಗಳಲ್ಲಿ ಸಂಪೂರ್ಣವಾಗಿ ಕಪ್ಪು ಜನಾಂಗದ ವಿದ್ಯಾರ್ಥಿಗಳಿಂದ ಕೂಡಿದ ಮೊದಲ ದೋಣಿ ತಂಡವೆಂದು ಹೇಳಲಾಗುತ್ತದೆ. ತಂಡದ ನಾಯಕ ಆರ್ಶೇ ಕೂಪರ್ ಮುಂದೆ ಬಾಣಸಿಗನಾಗಿ ಬದುಕು ಕಟ್ಟಿಕೊಂಡು, ತನ್ನ ಕಥೆಯನ್ನು ಬರೆದನು. 2020ರಲ್ಲಿ ಅದು ಸಾಕ್ಷ್ಯಚಿತ್ರವೂ ಆಯಿತು. ಎರಡು ದಶಕಗಳ ಬಳಿಕ ಹಳೆಯ ಗೆಳೆಯರು ಮತ್ತೆ ಕೂಡಿದಾಗ ಕೂಪರ್ ತಮ್ಮೊಡನೆ ದೋಣಿ ನಡೆಸಲು ಶಿಕಾಗೋ ಪೊಲೀಸರನ್ನು ಆಹ್ವಾನಿಸಿದನು. ಆ ಹುಡುಗರ ಪಾಲಿಗೆ ಪೊಲೀಸರೆಂದರೆ ಏನೆಂಬುದನ್ನು ಬಲ್ಲವರಿಗೆ ಇದರ ತೂಕ ತಿಳಿದೀತು. ಅವರು ಬಂದರು, ಒಂದೇ ದೋಣಿಯಲ್ಲಿ ಕುಳಿತರು.

ಇಂದು ಈ ಕೆಲಸ ವ್ಯಕ್ತಿಗಳಿಂದ ಸಂಸ್ಥೆಗಳಿಗೆ ಸಾಗಿದೆ. ಒಂದು ಕಾಲಕ್ಕೆ ಚಂದಾ ಹಣವನ್ನು ದೋಷವೆಂದ ಹೆನ್ಲಿಯವರೇ ಎಳೆಯರಿಗೆ ದೋಣಿ ಕ್ರೀಡೆಯ ಅವಕಾಶ ಒದಗಿಸಲು ಧರ್ಮದರ್ಶಿ ನಿಧಿಯೊಂದನ್ನು ನಡೆಸುತ್ತಿದ್ದಾರೆ. ಅದರ ನೆರವಿನಿಂದ ಸರ್ಕಾರಿ ಶಾಲೆಗಳ ಮಕ್ಕಳನ್ನು ಕ್ಲಬ್ಬುಗಳೊಂದಿಗೆ ಜೋಡಿಸುವ ಯೋಜನೆ 1990ರ ದಶಕದ ಕೊನೆಯಲ್ಲಿ ಆರಂಭವಾಯಿತು. 1994ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯ ಹಣವೂ ಈ ಕ್ರೀಡೆಗೆ ಧಾರಾಳವಾಗಿ ಹರಿದಿದೆ. ಬಾಜಿಯ ಹೆಸರಿನಲ್ಲಿ ಅಂಬಿಗನನ್ನು ಹೊರಗಿಟ್ಟ ಆಟ ಕಡೆಗೆ ಜೂಜಿನ ಹಣದಿಂದ ಪುಷ್ಟವಾದುದು ಚರಿತ್ರೆಯ ವ್ಯಂಗ್ಯ. ಆ ಚೀಟಿಗಳನ್ನು ಕೊಳ್ಳುವವರಲ್ಲಿ ಬಡವರೂ ಇದ್ದಾರೆಂಬುದು ಸಣ್ಣ ಮಾತಲ್ಲ. ಬ್ರಿಟನ್ನಿನ ರಾಷ್ಟ್ರೀಯ ದೋಣಿ ಸಂಸ್ಥೆಯೂ ಎಲ್ಲರನ್ನೂ ಒಳಗೊಳ್ಳುವ ಉದ್ದೇಶದಿಂದ ತನ್ನದೇ ದಾನಸಂಸ್ಥೆಯನ್ನು ಹೊಂದಿದೆ. ನೀರೇ ಇಲ್ಲದ ಶಾಲೆಗಳಿಗೆ, ಕುಳಿತಲ್ಲೇ ಹುಟ್ಟು ಎಳೆಯುವ ಯಂತ್ರಗಳನ್ನು ಕೊಡುವ ಮಾರ್ಗವನ್ನು ಲಂಡನ್ನಿನಲ್ಲಿ ಎಳೆಯರಿಗಾಗಿ ದುಡಿಯುವ ಸಂಸ್ಥೆಯೊಂದು ಹಿಡಿಯಿತು. 1981ರಲ್ಲಿ ಅಮೆರಿಕದ ವರ್ಮಾಂಟ್‌ನ ಇಬ್ಬರು ಸಹೋದರರು ತಯಾರಿಸಿದ ಈ ಬಗೆಯ ಅಗ್ಗದ ಯಂತ್ರ ಇಲ್ಲದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಲೆಕ್ಕ ಬಲ್ಲವರು ಇಲ್ಲಿ ಒಂದು ವಿಷಯವನ್ನು ಕಾಣಬಹುದು. ಎಂಟು ಮಂದಿಯ ಹೊಸ ದೋಣಿಯೊಂದಕ್ಕೆ ಹಲವು ಹತ್ತು ಸಾವಿರ ಡಾಲರುಗಳು ಬೇಕು. ಅದು ಒಂದು ಸಲದ ಬಂಡವಾಳ. ಅದನ್ನು ಸಮಾರಂಭ ಮಾಡಿ ಒಪ್ಪಿಸಬಹುದು. ಆದರೆ ತರಬೇತುದಾರನ ಸಂಬಳ, ಈಜಿನ ಪಾಠ, ನದಿಗೆ ಹೋಗಿಬರುವ ಬಸ್ಸಿನ ಚಾರ್ಜು, ವಿಮೆ, ಚಳಿಗಾಲದ ಬಟ್ಟೆ ಇವೆಲ್ಲ ತಿಂಗಳು ತಿಂಗಳ ಖರ್ಚು. ಇವಿಲ್ಲದಿದ್ದರೆ ದಾನದ ದೋಣಿ ಕೊಟ್ಟಿಗೆಯಲ್ಲಿ ಧೂಳು ಹಿಡಿಯುತ್ತದೆ. ಹುಡುಗ ಮೂರನೆಯ ವಾರಕ್ಕೆ ಬರುವುದನ್ನು ನಿಲ್ಲಿಸುತ್ತಾನೆ. ಡಾಗೆಟ್ ಇದನ್ನು ಅರಿತಿದ್ದನೆಂದು ತೋರುತ್ತದೆ. ಅವನು ಒಂದು ಬಿಲ್ಲೆಯನ್ನಲ್ಲ, ಪ್ರತಿ ವರ್ಷದ ಬಿಲ್ಲೆಗೆ ಬೇಕಾದ ಮೂಲಧನವನ್ನು ಬಿಟ್ಟುಹೋದನು. ಅದನ್ನು ನೋಡಿಕೊಳ್ಳುವವರೂ ಅದಕ್ಕೆ ದೊರೆತರು.

ಸಿಯಾಟಲ್‌ನಲ್ಲಿ ಜಾರ್ಜ್ ಪೋಕಾಕ್‌ನ ಹೆಸರಿನ ಪ್ರತಿಷ್ಠಾನವೊಂದಿದೆ. ದೋಣಿಯನ್ನೇ ಕಾಣದ ಬಡಾವಣೆಗಳ ಎಳೆಯರನ್ನು ನೀರಿಗೆ ಕರೆತರುವ ಸಂಸ್ಥೆಗಳಿಗೆ ನೆರವಾಗಲೆಂದು ಆರ್ಶೇ ಕೂಪರನ ಪುಸ್ತಕದ ಹೆಸರಿನಲ್ಲಿ 2020ರ ಸುಮಾರಿಗೆ ತೆರೆದ ನಿಧಿಯನ್ನು ಇರಿಸಿರುವುದು ಆ ಪ್ರತಿಷ್ಠಾನದಲ್ಲಿ.